ಅಕ್ಷರ ಅಕ್ಷರವಾಗಿ ಹೋಗುವ ಮಾತು ಮಳೆಗಾಲದಲ್ಲಿ ಯಾಕೆ ಸಿಕ್ಕಿಕೊಳ್ಳುತ್ತದೆ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವಳು. ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನನ್ನ ತಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸುವುದಿಲ್ಲ. ಅವನ ಜೊತೆ ದೂರದಿಂದಲೂ ಮಾತಾಡುವ ಹಾಗೆ ಇರಬೇಕು ಅಂತ ನಾನು ಮತ್ತು ಇಬ್ಬರು ಗೆಳೆಯರು ಒಂದು ಆಪ್ ಮಾಡಿದ್ದೇವೆ. ಒಬ್ಬರು ಟೈಪ್ ಮಾಡುತ್ತಿದ್ದ ಹಾಗೆಯೇ ಅಕ್ಷರಗಳು ಇನ್ನೊಬ್ಬರ ಪರದೆಯಲ್ಲಿ ಮೂಡುತ್ತವೆ. ಪ್ರತಿ ಕೀ ಒತ್ತಿದಾಗಲೂ ವೆಬ್‌ಸಾಕೆಟ್ (ಫೋನ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಮೂಲಕ ಸರ್ವರ್‌ಗೆ ಕಳಿಸುತ್ತೇವೆ. 2 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕಳಿಸುತ್ತೇವೆ. ಮೈಸೂರಿನ ವೈಫೈನಲ್ಲಿ ಚೆನ್ನಾಗಿ ನಡೆಯುತ್ತದೆ. ಊರಿಗೆ ಬಂದರೆ, ಅದರಲ್ಲೂ ಜೂನ್ ನಂತರ, ಅಕ್ಷರಗಳು ನಿಂತು ಹೋಗುತ್ತವೆ, ಆಮೇಲೆ ಒಟ್ಟಿಗೆ ಬಂದು ಬೀಳುತ್ತವೆ. ಫೋನ್ ಬಿಸಿಯಾಗುತ್ತದೆ. 20 ಜನರ ಕುಟುಂಬದ ಗುಂಪಿನಲ್ಲಂತೂ ಬಳಸಲು ಆಗುವುದೇ ಇಲ್ಲ. ಕನ್ನಡ ಲಿಪಿ ಬಿಟ್ಟು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹಗುರ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ದೊಡ್ಡ ಸರ್ವರ್ ತಗೋಬೇಕು ಅಂತ ಇನ್ನೊಬ್ಬಳು. ಸುಮ್ನೆ ಎಲ್ಲರ ಹಾಗೆ ಕಳುಹಿಸುವ ಬಟನ್ ಇಟ್ಟುಬಿಡೋಣವೇ?

ಉತ್ತರ: ಬಟನ್ ಇಡಿ, ಆದರೆ ಅಕ್ಷರ ಅಕ್ಷರವಾಗಿ ಹೋಗುವುದನ್ನು ಬಿಡಬೇಡಿ. ಕಿವಿ ಕೇಳುವವರಿಗೆ ಫೋನ್‌ನಲ್ಲಿ ಎದುರಿನವರ ಉಸಿರು, ತಡವರಿಕೆ, ಅರ್ಧಕ್ಕೆ ನಿಂತ ಮಾತು ಎಲ್ಲವೂ ಸಿಗುತ್ತದೆ. ಅಕ್ಕ ಏನೋ ಹೇಳಲು ಹೊರಟು ನಿಲ್ಲಿಸಿದಳು ಅನ್ನುವುದು ನಿಮ್ಮ ತಮ್ಮನಿಗೂ ಗೊತ್ತಾಗಬೇಕು. ಅದನ್ನು ಉಳಿಸಿಕೊಂಡೇ ಈ ತೊಂದರೆ ಪರಿಹರಿಸಬಹುದು.

ಇಂಗ್ಲಿಷ್ ಅಕ್ಷರಕ್ಕೆ ಹೋಗುವುದೂ ಬೇಡ, ದೊಡ್ಡ ಸರ್ವರ್ ಕೂಡ ಬೇಡ. ನಿಮ್ಮ ಆಪ್ ಹೊರುವ ಸರಕು ಜಾಸ್ತಿಯಾಗಿಲ್ಲ. ಓಡಾಟ ಜಾಸ್ತಿಯಾಗಿದೆ. ಕಾಫಿ ಕೊಯ್ಲಿನಲ್ಲಿ ಯಾರಾದರೂ ಒಂದು ಹಣ್ಣು ಕಿತ್ತು ಕಣಕ್ಕೆ ಓಡಿ, ವಾಪಸ್ ಬಂದು ಇನ್ನೊಂದು ಕೀಳುತ್ತಾರೆಯೇ? ನಿಮ್ಮ ಆಪ್ ಈಗ ಮಾಡುತ್ತಿರುವುದು ಅದನ್ನೇ.

ಲೆಕ್ಕ ಹಾಕಿ ನೋಡೋಣ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ‘ಕೊಡಗು’ ಎಂದರೆ ಕ, ಒತ್ವ, ಡ, ಗ, ಉತ್ವ. ಒಟ್ಟು 5 ಚಿಹ್ನೆ, 15 ಬೈಟ್. ಈಗ ಒಂದೇ ಒಂದು ಚಿಹ್ನೆಯನ್ನು ಕಳಿಸಿದರೆ ಏನಾಗುತ್ತದೆ? ನೆಟ್‌ವರ್ಕ್‌ನಲ್ಲಿ ಮಾತು ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಹೋಗುತ್ತದೆ, ಪ್ರತಿ ಕಟ್ಟಿಗೂ ಹೆಡರ್ ಎಂಬ ವಿವರದ ಚೀಟಿ ಅಂಟಿರುತ್ತದೆ. ವಿಳಾಸ ಹೊರುವ ಐಪಿ ಹೆಡರ್ ಕನಿಷ್ಠ 20 ಬೈಟ್, ಎಲ್ಲವೂ ಸಾಲಾಗಿ ತಲುಪುವಂತೆ ನೋಡಿಕೊಳ್ಳುವ ಟಿಸಿಪಿಯ ಹೆಡರ್ ಕನಿಷ್ಠ 20. ಅದರ ಮೇಲೆ ಟಿಎಲ್‌ಎಸ್ 1.3 ಗುಪ್ತಲಿಪಿಯ ಹೊದಿಕೆ 22. ಫೋನ್‌ನಿಂದ ಹೊರಡುವ ವೆಬ್‌ಸಾಕೆಟ್ ಚೌಕಟ್ಟಿಗೆ ಇನ್ನೂ 6. ಒಟ್ಟು 68 ಬೈಟ್ ಹೊದಿಕೆ, ಒಳಗೆ 3 ಬೈಟ್ ಮಾತು. ನೀವು ಜೇಸನ್ ಎಂಬ ಬರಹದ ರೂಪದಲ್ಲಿ ಕಳುಹಿಸುವವರ ಹೆಸರು, ಸಮಯ, ಗುಂಪಿನ ಸಂಖ್ಯೆ ಎಲ್ಲ ಸೇರಿಸಿದ್ದರೆ ಇನ್ನೂ ನೂರು ಬೈಟ್ ಸುಲಭವಾಗಿ ಬರುತ್ತದೆ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇದನ್ನು ನಿಮ್ಮ ಗೆಳೆಯನಿಗೆ ತೋರಿಸಿ. ಕನ್ನಡದಲ್ಲಿ ಒಂದು ಚಿಹ್ನೆ 71 ಬೈಟ್, ಇಂಗ್ಲಿಷ್‌ನಲ್ಲಿ 69. ಈ ಎರಡು ಬೈಟ್‌ಗಾಗಿ ಮನೆಯವರೆಲ್ಲ ಓದುವ ಲಿಪಿಯನ್ನು ಬಿಡಬೇಕೆ? ಕನ್ನಡ ನೆಟ್‌ವರ್ಕ್‌ಗೆ ಭಾರ ಅನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಪ್ರತಿ ಸಲವೂ ಬೇಸರವಾಗುತ್ತದೆ. ಅದು ನಿಜವಾಗುವ ಜಾಗ ಒಂದಿದೆ, ಎಸ್‌ಎಂಎಸ್. ಅದಕ್ಕೆ ಆಮೇಲೆ ಬರುತ್ತೇನೆ.

ಐದು ಚಿಹ್ನೆಗಳನ್ನು ಬಿಡಿಬಿಡಿಯಾಗಿ ಕಳಿಸಿದರೆ 355 ಬೈಟ್. ಐದನ್ನೂ ಸೇರಿಸಿ ಒಂದೇ ಸಲ ಕಳಿಸಿದರೆ 83. ಬೈಟ್‌ಗಿಂತ ದೊಡ್ಡ ಲಾಭ ಬೇರೆ ಇದೆ. ಐದು ಸಲ ಟವರ್‌ನ ಬಾಗಿಲು ತಟ್ಟುವ ಬದಲು ಒಂದೇ ಸಲ ತಟ್ಟುತ್ತೀರಿ.

ಈ ರೋಗ ಹೊಸದಲ್ಲ. 1984ರಲ್ಲಿ ಜಾನ್ ನೇಗಲ್ ಎಂಬ ಇಂಜಿನಿಯರ್ ಅಮೆರಿಕದ ಫೋರ್ಡ್ ಏರೋಸ್ಪೇಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ದೂರದ ಕಂಪ್ಯೂಟರ್‌ಗೆ ಜನ ಟೈಪ್ ಮಾಡಿದ ಒಂದೊಂದು ಅಕ್ಷರವೂ ಒಂದೊಂದು ಪ್ಯಾಕೆಟ್ ಆಗಿ ಹೋಗುತ್ತಿತ್ತು. 1 ಬೈಟ್ ಅಕ್ಷರಕ್ಕೆ 40 ಬೈಟ್ ಹೆಡರ್. ಅವರು ಆರ್‌ಎಫ್‌ಸಿ 896 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಇದನ್ನು ಸಣ್ಣ ಪ್ಯಾಕೆಟ್‌ಗಳ ತೊಂದರೆ ಎಂದು ಬರೆದು, ಒಂದು ಚಿಕ್ಕ ನಿಯಮ ಕೊಟ್ಟರು. ಹಿಂದೆ ಕಳಿಸಿದ್ದು ತಲುಪಿತು ಅಂತ ಉತ್ತರ ಬರುವವರೆಗೆ ಹೊಸ ಸಣ್ಣ ಪ್ಯಾಕೆಟ್ ಕಳಿಸಬೇಡಿ. ಅಲ್ಲಿಯವರೆಗೆ ಬಂದ ಅಕ್ಷರಗಳನ್ನು ಒಂದು ಬುಟ್ಟಿಗೆ ಹಾಕಿದ ಹಾಗೆ ಒಟ್ಟುಮಾಡಿ ಇಟ್ಟುಕೊಳ್ಳಿ. ಉತ್ತರ ಬಂದ ಕೂಡಲೇ ಎಲ್ಲವನ್ನೂ ಸೇರಿಸಿ ಕಳಿಸಿ.

ಈ ನಿಯಮದ ಚೆಂದ ನೋಡಿ. ದಾರಿ ಚುರುಕಾಗಿದ್ದರೆ ಉತ್ತರ ಬೇಗ ಬರುತ್ತದೆ, ಬುಟ್ಟಿ ಚಿಕ್ಕದಾಗಿಯೇ ಹೋಗುತ್ತದೆ. ದಾರಿ ನಿಧಾನವಾದರೆ ಉತ್ತರ ತಡವಾಗುತ್ತದೆ, ಅಷ್ಟರಲ್ಲಿ ಬುಟ್ಟಿ ತಾನಾಗಿಯೇ ತುಂಬುತ್ತದೆ, ಓಡಾಟ ತಾನಾಗಿಯೇ ಕಡಿಮೆಯಾಗುತ್ತದೆ. ಮೈಸೂರು ಯಾವುದು, ನಾಪೋಕ್ಲು ಯಾವುದು ಅಂತ ಆಪ್‌ಗೆ ಯಾರೂ ಹೇಳಬೇಕಿಲ್ಲ.

ಹಾಗಾದರೆ ಟಿಸಿಪಿಯೇ ಇದನ್ನು ಮಾಡುತ್ತದಲ್ಲ ಎಂದು ನೀವು ಕೇಳಬಹುದು. ಹಲವು ವೆಬ್‌ಸಾಕೆಟ್ ಲೈಬ್ರರಿಗಳು ತಡ ಆಗಬಾರದು ಅಂತ ಈ ಸೌಲಭ್ಯವನ್ನು ನಿಲ್ಲಿಸಿಟ್ಟಿರುತ್ತವೆ. ಅದು ಸರಿಯೇ. ಎದುರಿನ ಯಂತ್ರವೂ ಉತ್ತರವನ್ನು ಸ್ವಲ್ಪ ತಡೆದು ಕಳಿಸಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂರುತ್ತಾರೆ. ಜೊತೆಗೆ ಟಿಸಿಪಿಗೆ ಬೈಟ್ ಮಾತ್ರ ಗೊತ್ತು, ಮಾತು ಗೊತ್ತಿಲ್ಲ. ನಿಮ್ಮ ಆಪ್‌ಗೆ ಮಾತು ಗೊತ್ತು. ಅದಕ್ಕೇ ಈ ಕೆಲಸ ಆಪ್ ಒಳಗೇ ಆಗಬೇಕು.

ಎಷ್ಟು ಹೊತ್ತು ಒಟ್ಟುಮಾಡಬೇಕು? ಇಲ್ಲಿ ನೀವು ಹೊಸದಾಗಿ ಕಂಡುಹಿಡಿಯಬೇಕಾದ್ದಿಲ್ಲ. ಕಿವಿ ಕೇಳದವರ ಸಂಭಾಷಣೆಗಾಗಿಯೇ ತಯಾರಾದ ಮಾನದಂಡಗಳಿವೆ. ಬರೆದ ಹಾಗೆಯೇ ಅಕ್ಷರ ಹರಿಯುವ ಇಂಥ ಮಾತುಕತೆಗೆ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು 1998ರಲ್ಲಿ ಟಿ.140 ಎಂಬ ಮಾನದಂಡ ತಂದಿತು. ಅದನ್ನು ಇಂಟರ್ನೆಟ್ ಮೇಲೆ ಒಯ್ಯುವ ಬಗೆ 2005ರ ಆರ್‌ಎಫ್‌ಸಿ 4103ರಲ್ಲಿದೆ. ಅಲ್ಲಿ 300 ಮಿಲಿಸೆಕೆಂಡ್ ಒಟ್ಟುಮಾಡಿ ಕಳಿಸಿ ಅನ್ನುತ್ತಾರೆ. ಎಕ್ಸ್‌ಎಂಪಿಪಿ ಎಂಬ ಮುಕ್ತ ಚಾಟ್ ಪದ್ಧತಿಗೆ ಇರುವ ಎಕ್ಸ್‌ಇಪಿ-0301 ಎಂಬ ಮಾನದಂಡದಲ್ಲಿ 700 ಮಿಲಿಸೆಕೆಂಡ್ ಎಂದಿದೆ. ಒಂದು ಸೆಕೆಂಡಿನೊಳಗೆ ತಲುಪಿದರೆ ಓದುವವರಿಗೆ ಮಾತು ಈಗಲೇ ನಡೆಯುತ್ತಿದೆ ಎನಿಸುತ್ತದೆ. ನೀವು 700ರಿಂದ ಶುರುಮಾಡಿ.

ಅಂದರೆ ಒಂದು ಬುಟ್ಟಿ ಹೊರಡಲು ಎರಡು ಷರತ್ತು. ಹಿಂದಿನ ಬುಟ್ಟಿ ತಲುಪಿದ ಉತ್ತರ ಬಂದಿರಬೇಕು, ಮತ್ತು ಕನಿಷ್ಠ 700 ಮಿಲಿಸೆಕೆಂಡ್ ಕಳೆದಿರಬೇಕು. ಇದಕ್ಕೆ ಒಂದೇ ವಿನಾಯಿತಿ ಕೊಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಬರೆಯಲು ಶುರುಮಾಡಿದಾಗ ಮೊದಲ ಅಕ್ಷರ ಕಾಯದೆ ಹೋಗಲಿ. ಅಕ್ಕ ಮಾತು ಶುರುಮಾಡಿದಳು ಅಂತ ತಮ್ಮನಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಹೀಗಿದ್ದರೆ ‘ಟೈಪ್ ಮಾಡುತ್ತಿದ್ದಾರೆ’ ಎಂಬ ಸೂಚನೆ ನಿಮ್ಮ ಆಪ್‌ಗೆ ಬೇಕಾಗಿಯೇ ಇಲ್ಲ. ಇದ್ದರೆ ಇವತ್ತೇ ತೆಗೆದುಹಾಕಿ. ಅಕ್ಷರವೇ ಬರುತ್ತಿರುವಾಗ ಅಕ್ಷರ ಬರುತ್ತಿದೆ ಅಂತ ಬೇರೆ ಹೇಳುವುದು ಬರೀ ಹೊರೆ.

700 ಮಿಲಿಸೆಕೆಂಡಿನ ಅಕ್ಷರಗಳು ಒಟ್ಟಿಗೆ ಬಂದು ಬಿದ್ದರೆ ಮತ್ತೆ ದಬಕ್ಕೆಂದು ಬಿದ್ದ ಹಾಗೆ ಕಾಣುವುದಿಲ್ಲವೇ? ಕಾಣುತ್ತದೆ. ಅದಕ್ಕೂ ಎಕ್ಸ್‌ಇಪಿ-0301ರಲ್ಲಿ ದಾರಿ ಇದೆ, ನನಗೆ ಅದರಲ್ಲಿ ತುಂಬ ಹಿಡಿಸಿದ ಭಾಗ ಇದು. ಎರಡು ಅಕ್ಷರಗಳ ನಡುವೆ ಎಷ್ಟು ಮಿಲಿಸೆಕೆಂಡ್ ತಡೆದಿರಿ ಎಂಬುದನ್ನೂ ಬುಟ್ಟಿಯೊಳಗೇ ಬರೆದು ಕಳಿಸುತ್ತಾರೆ. ಆ ಕಡೆಯ ಫೋನ್ ಅದೇ ಲಯದಲ್ಲಿ ಅಕ್ಷರಗಳನ್ನು ಬಿಡಿಸಿ ತೋರಿಸುತ್ತದೆ. ನೀವು ‘ಅಮ್ಮನಿಗೆ’ ಎಂದು ಬರೆದು ಒಂದು ಗಳಿಗೆ ತಡೆದದ್ದು ತಮ್ಮನಿಗೆ ತಡೆದ ಹಾಗೆಯೇ ಕಾಣುತ್ತದೆ. ನೆಟ್‌ವರ್ಕ್‌ನಲ್ಲಿ ಹೋಗಿದ್ದು ಒಂದೇ ಪ್ಯಾಕೆಟ್. ಒಂದು ಎಚ್ಚರ ಇರಲಿ. ಬುಟ್ಟಿಗಳು ಹಿಂದೆ ಬಿದ್ದು ಜಮಾ ಆಗುತ್ತಿದ್ದರೆ ಈ ತಡೆಗಳನ್ನು ಕಡಿಮೆ ಮಾಡಿ ಬೇಗ ಬೇಗ ತೋರಿಸಬೇಕು. ಇಲ್ಲದಿದ್ದರೆ ಓದುವವರು ಯಾವಾಗಲೂ ಐದು ಸೆಕೆಂಡ್ ಹಿಂದೆಯೇ ಉಳಿಯುತ್ತಾರೆ.

ಈಗ ಕನ್ನಡದ್ದೇ ಒಂದು ವಿಷಯ. ಇದನ್ನು ಇಂಗ್ಲಿಷ್ ಮಾರ್ಗದರ್ಶಿ ನೋಡಿ ಆಪ್ ಮಾಡುವವರು ಮರೆತುಬಿಡುತ್ತಾರೆ. ನೀವು ‘ಪ್ರತಿ ಕೀ ಒತ್ತಿದಾಗ’ ಎಂದು ಬರೆದಿದ್ದೀರಿ. ಉಚ್ಚಾರಣೆಯಂತೆ ಬರೆಯುವ ಕೀಬೋರ್ಡ್‌ನಲ್ಲಿ ‘ಕೊಡಗು’ ಬರೆಯುವಾಗ ಪರದೆಯ ಮೇಲೆ ಏನಾಗುತ್ತದೆ ಗಮನಿಸಿ. ಮೊದಲು ಕ್, ಆಮೇಲೆ ಕೊ, ಕೊಡ್, ಕೊಡ, ಕೊಡಗ್, ಕೊನೆಗೆ ಕೊಡಗು. 6 ಕೀ ಒತ್ತುವಷ್ಟರಲ್ಲಿ 3 ಸಲ ಹಲಂತ ಬಂದು 3 ಸಲ ಅಳಿಸಿಹೋಗಿದೆ. ಇನ್ನು ಕೆಲವು ಕೀಬೋರ್ಡ್‌ಗಳು ಇಡೀ ಪದವನ್ನೇ ಕೊನೆಯಲ್ಲಿ ಬದಲಾಯಿಸುತ್ತವೆ. ನೀವು ಕೀ ಹಿಂಬಾಲಿಸಿದರೆ ಈ ಬರೆದು ಅಳಿಸುವ ಗದ್ದಲವೆಲ್ಲ ಬೆಟ್ಟ ಹತ್ತಿ ಟವರ್‌ಗೆ ಹೋಗುತ್ತದೆ. ತಮ್ಮನ ಪರದೆಯ ಮೇಲೆ ಅಕ್ಷರಗಳು ನಡುಗುತ್ತವೆ.

ಕೀ ಹಿಂಬಾಲಿಸಬೇಡಿ. ಹಿಂದಿನ ಬುಟ್ಟಿ ಹೋದಾಗ ಬರಹ ಹೇಗಿತ್ತು, ಈಗ ಹೇಗಿದೆ, ಈ ಎರಡರ ವ್ಯತ್ಯಾಸ ಮಾತ್ರ ಕಳಿಸಿ. ‘ಇಷ್ಟನೇ ಜಾಗದಿಂದ ಇಷ್ಟು ಚಿಹ್ನೆ ಅಳಿಸು, ಇದನ್ನು ಸೇರಿಸು’ ಅಂದರೆ ಸಾಕು. ನಡುವಿನ ಹಲಂತಗಳು ಬುಟ್ಟಿಯೊಳಗೇ ಕರಗಿಹೋಗುತ್ತವೆ. ಪದ ಬದಲಾಯಿಸುವ ಕೀಬೋರ್ಡ್, ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ, ನಕಲು ಮಾಡಿ ಅಂಟಿಸುವುದು, ಎಲ್ಲಕ್ಕೂ ಈ ಒಂದೇ ಉಪಾಯ ನಡೆಯುತ್ತದೆ. ಬುಟ್ಟಿಯ ಕೊನೆಯಲ್ಲಿ ಹಲಂತ ಇದ್ದರೆ ಇನ್ನೊಂದು ಅಕ್ಷರಕ್ಕೆ ಸ್ವಲ್ಪ ಕಾಯಿರಿ, ಒತ್ತಕ್ಷರ ಒಡೆದು ಕಾಣುವುದಿಲ್ಲ. ಜಾಗ ಎಣಿಸುವಾಗ ಎರಡೂ ಕಡೆ ಯೂನಿಕೋಡ್ ಚಿಹ್ನೆಗಳನ್ನೇ ಎಣಿಸಿ. ಜಾವಾಸ್ಕ್ರಿಪ್ಟ್‌ನ ಉದ್ದದ ಲೆಕ್ಕ ಕನ್ನಡಕ್ಕೆ ಸರಿಯಾಗಿ ಬರುತ್ತದೆ. ಎಮೋಜಿ ಬಂದ ಕೂಡಲೇ ಒಂದನ್ನು ಎರಡು ಅಂತ ಎಣಿಸುತ್ತದೆ. ಅಲ್ಲಿಂದ ಮುಂದೆ ಇಡೀ ವಾಕ್ಯ ಒಂದು ಮನೆ ಪಕ್ಕಕ್ಕೆ ಸರಿದುಬಿಡುತ್ತದೆ.

ಇನ್ನು ಆ 2 ಸೆಕೆಂಡಿನ ಮರುಕಳಿಕೆ, ಅಂದರೆ ಮತ್ತೆ ಕಳಿಸುವುದು. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ.

ಟಿಸಿಪಿ ಕಳೆದುಹೋದ ಪ್ಯಾಕೆಟ್ ಅನ್ನು ತಾನೇ ಮತ್ತೆ ಕಳಿಸುತ್ತದೆ. ಉತ್ತರ ಬರದೆ ಅವಧಿ ಮುಗಿದರೆ ಕಾಯುವ ಹೊತ್ತನ್ನು ಪ್ರತಿ ಸಲ ಎರಡು ಪಟ್ಟು ಮಾಡುತ್ತದೆ. 1 ಸೆಕೆಂಡ್, 2, 4, 8 ಹೀಗೆ. ಜೊತೆಗೆ ಅದು ಸಾಲು ತಪ್ಪಿಸುವುದಿಲ್ಲ. ನಾಲ್ಕನೇ ಪ್ಯಾಕೆಟ್ ಕಳೆದುಹೋಗಿ ಐದು, ಆರು, ಏಳು ಬಂದಿದ್ದರೂ ನಾಲ್ಕು ಬರುವವರೆಗೆ ಅವನ್ನು ಆಪ್‌ಗೆ ಕೊಡುವುದಿಲ್ಲ. ನಾಲ್ಕು ಬಂದ ಕೂಡಲೇ ಎಲ್ಲವೂ ಒಟ್ಟಿಗೆ. ನೀವು ಹೇಳಿದ ‘ನಿಂತು, ಆಮೇಲೆ ಒಟ್ಟಿಗೆ ಬೀಳುವುದು’ ಇದೇ. ಈ ಹೊತ್ತಿನಲ್ಲಿ ನಿಮ್ಮ ಆಪ್ ಸುಮ್ಮನಿರುವುದಿಲ್ಲ. ಎರಡು ಸೆಕೆಂಡ್ ಆಯಿತು ಅಂತ ಅದೇ ಅಕ್ಷರವನ್ನು ಮತ್ತೆ ಸಾಲಿನ ಕೊನೆಗೆ ಸೇರಿಸುತ್ತದೆ. ಇನ್ನೆರಡು ಸೆಕೆಂಡಿಗೆ ಮತ್ತೊಮ್ಮೆ. ಸಾಲು ಕರಗಬೇಕಾದ ಹೊತ್ತಿನಲ್ಲಿ ಬೆಳೆಯುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ನಾನು ಬೆಂಗಳೂರಿನಲ್ಲಿದ್ದೆ. ಮನೆಗೆ ‘ಎಲ್ಲಿದ್ದೀರಿ’ ಅಂತ ಬರೆದೆ. ಹೋಗಲಿಲ್ಲ. ಮತ್ತೆ ಬರೆದೆ. ಮತ್ತೆ ಮತ್ತೆ ಒತ್ತಿದೆ. ಸಂಜೆ ಅಮ್ಮನ ಫೋನಿಗೆ ಅದೇ ಪ್ರಶ್ನೆ ಒಂಬತ್ತು ಸಲ ಬಂದಿತ್ತು. ಆ ಒಂಬತ್ತರಲ್ಲಿ ಎಂಟು ಬೇರೆ ಯಾರದೋ ಅಮ್ಮನಿಗೆ ಹೋಗಬೇಕಾದ ಸಂದೇಶದ ಜಾಗ ತಿಂದಿದ್ದವು ಎಂದು ನನಗೆ ಈಗಲೂ ಅನಿಸುತ್ತದೆ. ಆತಂಕದಲ್ಲಿ ಮನುಷ್ಯ ಹಾಗೆ ಮಾಡುತ್ತಾನೆ. ಆಪ್ ಹಾಗೆ ಮಾಡಬಾರದು.

ಹಾಗಾಗಿ ಸಂಪರ್ಕ ಜೀವಂತ ಇರುವವರೆಗೆ ಆಪ್ ಏನನ್ನೂ ಮರುಕಳಿಸುವುದು ಬೇಡ. ಸಂಪರ್ಕ ಕಡಿದು ಮತ್ತೆ ಸೇರಿದಾಗ ಮಾತ್ರ ಕಳಿಸಿ. ಆಗಲೂ ಹಳೆಯ ಬುಟ್ಟಿಗಳನ್ನು ಸಾಲಾಗಿ ಕಳಿಸಬೇಡಿ. ಅರ್ಧ ನಿಮಿಷ ಸಂಪರ್ಕ ಇರಲಿಲ್ಲ ಎಂದುಕೊಳ್ಳಿ. ಆ ಹೊತ್ತಿನಲ್ಲಿ ನೀವು ಬರೆದದ್ದು, ಅಳಿಸಿದ್ದು, ತಿದ್ದಿದ್ದು ಎಲ್ಲ ಈಗ ಯಾರಿಗೆ ಬೇಕು? ಈಗ ಪರದೆಯಲ್ಲಿ ಇರುವ ಬರಹ ಪೂರ್ತಿಯಾಗಿ ಒಂದೇ ಸಲ ಹೋಗಲಿ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಕೊಡಿ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡಲಿ. ಬರೆಯುತ್ತಿರುವಾಗ 10 ಸೆಕೆಂಡಿಗೊಮ್ಮೆ ಪೂರ್ತಿ ಬರಹವನ್ನು ಹೊಸದಾಗಿ ಕಳಿಸುವುದು ಒಳ್ಳೆಯ ಪದ್ಧತಿ. 200 ಚಿಹ್ನೆಯ ಬರಹಕ್ಕೆ 600 ಬೈಟ್ ಆಗುತ್ತದೆ, ಅದು ಏನೂ ಅಲ್ಲ. ನಡುವೆ ಏನಾದರೂ ತಪ್ಪಿದ್ದರೆ ತಾನೇ ಸರಿಹೋಗುತ್ತದೆ. ಕಳುಹಿಸುವ ಬಟನ್ ಒತ್ತಿದಾಗಲೂ ಪೂರ್ತಿ ವಾಕ್ಯವೇ ಹೋಗಲಿ. ಅದೇ ಕೊನೆಯ ಮಾತು.

ಕುಟುಂಬದ ಗುಂಪಿನಲ್ಲಿ ಯಾಕೆ ಇಷ್ಟು ಕೆಟ್ಟದಾಯಿತು ಎಂಬುದು ಈಗ ನಿಮಗೇ ಹೊಳೆದಿರಬಹುದು. ಒಬ್ಬರು ಸೆಕೆಂಡಿಗೆ 5 ಕೀ ಒತ್ತಿದರೆ ಸರ್ವರ್ ಅದನ್ನು ಉಳಿದ 19 ಜನರಿಗೆ ಹಂಚಬೇಕು. ಸೆಕೆಂಡಿಗೆ 95 ಪ್ಯಾಕೆಟ್. ಪುತ್ತರಿ ಹಬ್ಬಕ್ಕೆ ಯಾರು ಯಾವಾಗ ಬರುತ್ತೀರಿ ಅಂತ ನಾಲ್ಕು ಜನ ಒಟ್ಟಿಗೆ ಬರೆಯಲು ಕೂತರೆ 380. ಬುಟ್ಟಿ ಪದ್ಧತಿಗೆ ಬಂದರೆ ಒಬ್ಬರಿಗೆ ಸುಮಾರು 27 ಆಗುತ್ತದೆ. ಅದೂ ಜಾಸ್ತಿಯೇ. 20 ಜನರ ಗುಂಪಿನಲ್ಲಿ ಎಲ್ಲರ ಅಕ್ಷರವೂ ಎಲ್ಲರಿಗೂ ಬೇಕಿಲ್ಲ. ಚಾಟ್ ತೆರೆದು ನೋಡುತ್ತಿರುವವರಿಗೆ ಮಾತ್ರ ಅಕ್ಷರ ಹೋಗಲಿ, ಉಳಿದವರಿಗೆ ವಾಕ್ಯ ಮುಗಿದ ಮೇಲೆ. ಫೋನ್ ಜೇಬಿನಲ್ಲಿದ್ದಾಗ ಆಪ್ ತಾನು ಹಿಂದೆ ಸರಿದಿದ್ದೇನೆ ಅಂತ ಸರ್ವರ್‌ಗೆ ಒಂದು ಮಾತು ಹೇಳಿದರೆ ಇದು ಸಾಧ್ಯ.

ಓದಿದೆ ಎಂಬ ನೀಲಿ ಗುರುತನ್ನೂ ಹೀಗೇ ನೋಡಿ. ಒಂದು ಸಂದೇಶಕ್ಕೆ 19 ಜನ ಓದಿದ ಸುದ್ದಿ, ಅದನ್ನು ಪ್ರತಿಯೊಬ್ಬರಿಗೂ ಹಂಚಿದರೆ 19 ಗುಣಿಸು 19, ಅಂದರೆ 361. ಒಂದು ‘ಹ್ಞೂಂ’ಗೆ 361 ಪ್ಯಾಕೆಟ್! ‘ಇಲ್ಲಿಯವರೆಗೆ ಓದಿದ್ದೇನೆ’ ಎಂಬ ಒಂದೇ ಗುರುತು ಇಡಿ, ಅದನ್ನು ಬರೆದವರಿಗೆ ಮಾತ್ರ, ಕೆಲವು ಸೆಕೆಂಡಿಗೊಮ್ಮೆ ತಿಳಿಸಿ.

ಸರ್ವರ್ ಬದಿಯಲ್ಲಿ ಇನ್ನೊಂದು ನಿಯಮ ಬೇಕು. ಯಾರದೋ ಫೋನ್ ಭಾಗಮಂಡಲದ ಹತ್ತಿರ ತೋಟದ ಇಳಿಜಾರಿನಲ್ಲಿ ಸಿಗ್ನಲ್ ಕಳೆದುಕೊಂಡಿದೆ ಎಂದುಕೊಳ್ಳಿ. ಅವರಿಗಾಗಿ ಸರ್ವರ್ ಬುಟ್ಟಿ ಮೇಲೆ ಬುಟ್ಟಿ ಪೇರಿಸಿಡಬಾರದು. ಒಬ್ಬ ಬರೆಯುವವರಿಗೆ ಒಂದೇ ಜಾಗ ಇಡಿ. ಹೊಸದು ಬಂದರೆ ಹಳೆಯದು ಹೋಗಲಿ. ಅವರು ಮತ್ತೆ ಸಿಕ್ಕಾಗ ಇತ್ತೀಚಿನ ಬರಹ ಮಾತ್ರ ಸಿಗುತ್ತದೆ. ಮುಗಿದ ವಾಕ್ಯಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅರ್ಧ ಬರೆದದ್ದನ್ನು ಬಿಡಬಹುದು, ಹೇಳಿ ಮುಗಿಸಿದ್ದನ್ನು ಬಿಡಬಾರದು. ಇಷ್ಟು ಮಾಡಿದರೆ ಈಗಿರುವ ಚಿಕ್ಕ ಸರ್ವರ್ ನಿಮಗೆ ಬೇಕಾದಷ್ಟಾಯಿತು.

ಫೋನ್ ಬಿಸಿಯಾಗುವ ಮಾತಿಗೆ ಬರೋಣ. ಫೋನ್‌ನ ಮೇಲೆ ಕಾಣುವ ಕಡ್ಡಿಗಳು ಟವರ್‌ನ ದನಿ ನಿಮಗೆ ಎಷ್ಟು ಕೇಳುತ್ತಿದೆ ಎಂದು ಹೇಳುತ್ತವೆ. ನಿಮ್ಮ ದನಿ ಟವರ್‌ಗೆ ಕೇಳುತ್ತಿದೆಯೇ ಎಂದು ಹೇಳುವುದಿಲ್ಲ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತದೆ. ಸಾಮಾನ್ಯ 4ಜಿ ಫೋನ್ ಗಂಟಲು ಹರಿದುಕೊಂಡರೂ 200 ಮಿಲಿವ್ಯಾಟ್. ಬೆಟ್ಟದ ಮರೆ, ಒದ್ದೆ ಮರಗಳ ನಡುವೆ ಫೋನ್ ಪ್ರತಿ ಪ್ಯಾಕೆಟ್‌ಗೂ ತನ್ನ ಪೂರ್ತಿ ಶಕ್ತಿ ಹಾಕಬೇಕಾಗುತ್ತದೆ. ಒಂದು ಸಣ್ಣ ಪ್ಯಾಕೆಟ್ ಹೋದ ಮೇಲೂ ರೇಡಿಯೋ ಕೆಲವು ಸೆಕೆಂಡ್ ಎಚ್ಚರವಾಗಿಯೇ ಇರುತ್ತದೆ. ಸೆಕೆಂಡಿಗೆ ಐದು ಸಲ ಎಬ್ಬಿಸಿದರೆ ಮಲಗುವುದು ಯಾವಾಗ? ‘ಇದ್ದೀರಾ, ಇದ್ದೇನೆ’ ಎಂಬ ಮಿಡಿತದ ಪ್ಯಾಕೆಟ್ ಅನ್ನು ಅರ್ಧ ನಿಮಿಷಕ್ಕೊಮ್ಮೆ ಕಳಿಸುತ್ತಿದ್ದರೆ ಅದನ್ನೂ ಕೆಲವು ನಿಮಿಷಕ್ಕೊಮ್ಮೆ ಮಾಡಿ. ಹಿನ್ನೆಲೆಯಲ್ಲಿ ಇದ್ದಾಗ, ಸಂದೇಶ ಬಂದರೆ ಆಪ್‌ಗೆ ತಿಳಿಸುವ ಫೋನ್‌ನದೇ ಪುಶ್ ಸೇವೆ ನಂಬಿ.

ಕರೆಂಟ್ ಹೋಗಿ ಟವರ್ ನಿಂತು ಮತ್ತೆ ಬಂದಾಗ ಏನಾಗುತ್ತದೆ ಅನ್ನುವುದನ್ನೂ ಈಗಲೇ ಯೋಚಿಸಿ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಸಂದೇಶದ ಸರ್ವರ್ ಒಮ್ಮೆ ಬಿತ್ತು. ನಾವು ಎರಡೇ ನಿಮಿಷದಲ್ಲಿ ಎಬ್ಬಿಸಿದೆವು. ತಕ್ಷಣ ಮತ್ತೆ ಬಿತ್ತು. ಎಲ್ಲ ಫೋನ್‌ಗಳೂ ಸರಿಯಾಗಿ 5 ಸೆಕೆಂಡಿಗೊಮ್ಮೆ ಸಂಪರ್ಕಕ್ಕೆ ಯತ್ನಿಸುವಂತೆ ನಾವೇ ಬರೆದಿದ್ದೆವು. ಸರ್ವರ್ ಬಿದ್ದ ಗಳಿಗೆಯಿಂದ ಎಲ್ಲರ ಗಡಿಯಾರವೂ ಒಂದಾಗಿತ್ತು. ಎದ್ದ ಕೂಡಲೇ ಎಲ್ಲರೂ ಒಟ್ಟಿಗೆ ಬಾಗಿಲಿಗೆ ಬಂದರು. ಆ ರಾತ್ರಿ ಸರ್ವರ್ ನಾಲ್ಕು ಸಲ ಬಿತ್ತು.

ಇದಕ್ಕೂ ಹಳೆಯ ಪಾಠ ಇದೆ. 1971ರಲ್ಲಿ ಹವಾಯಿಯಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಜೊತೆಗಾರರು ದ್ವೀಪಗಳ ನಡುವೆ ಅಲೋಹಾ ಎಂಬ ರೇಡಿಯೋ ಜಾಲ ಶುರುಮಾಡಿದರು. ಯಾರಿಗೆ ಬೇಕಾದರೂ ಮಾತಾಡುವ ಸ್ವಾತಂತ್ರ್ಯ. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಯತ್ನಿಸಬೇಕು. ಆ ಹೊತ್ತು ಯಾದೃಚ್ಛಿಕವಾಗಿರಬೇಕು, ಅಂದರೆ ಯಾವ ಲೆಕ್ಕಕ್ಕೂ ಸಿಗದ ಹಾಗೆ. ಹಾಗೆ ಮಾಡಿದರೂ ದಾರಿಯ ಸುಮಾರು 18 ಶೇಕಡಾ ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಲೆಕ್ಕ ತೋರಿಸಿತು. ಇವತ್ತಿಗೂ ನಿಮ್ಮ ಫೋನ್ ಟವರ್ ಜೊತೆ ಮೊದಲ ಮಾತು ಶುರುಮಾಡುವುದು ಇದೇ ಬಗೆಯಲ್ಲಿ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವ ಆದ ಕೂಡಲೇ ಎಲ್ಲರೂ ಒಟ್ಟಿಗೆ ಫೋನ್ ತೆಗೆಯುತ್ತಾರೆ, ಅಲ್ವಾ? ಆ ಗಳಿಗೆಯಲ್ಲಿ ಕಡ್ಡಿ ತುಂಬಾ ಇದ್ದರೂ ಸಂದೇಶ ಹೋಗದಿರುವುದು ಇಂಥ ನೂಕುನುಗ್ಗಲಿನಿಂದ.

ನಿಮ್ಮ ಆಪ್‌ನಲ್ಲಿ ಮೊದಲ ಯತ್ನ 0ಯಿಂದ 1 ಸೆಕೆಂಡಿನೊಳಗೆ ಎಲ್ಲೋ ಒಂದು ಕಡೆ ಇರಲಿ. ಮುಂದಿನದು 0ಯಿಂದ 2, ಆಮೇಲೆ 0ಯಿಂದ 4, ಹೀಗೆ 60ರವರೆಗೆ ಹಿಗ್ಗಲಿ. ಆಪ್ ತೆರೆದು ಕೂತವರಿಗೆ ಒಂದು ನಿಮಿಷ ದೊಡ್ಡದು, ಆದ್ದರಿಂದ ಅವರೇ ಬೆರಳು ಮುಟ್ಟಿ ಒಮ್ಮೆ ಯತ್ನಿಸಲು ಅವಕಾಶ ಕೊಡಿ.

ಎಲ್ಲ ಮಾಡಿದ ಮೇಲೂ ಕೆಲವು ದಿನ ದಾರಿಯೇ ಇರುವುದಿಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಕೇವಲ 400 ಗಜ ದೂರದ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ತಂತಿ ಕಡಿದಿರಲಿಲ್ಲ. ಎಲ್ಲ ಯಂತ್ರಗಳೂ ಹಟದಿಂದ ಮತ್ತೆ ಮತ್ತೆ ಕಳಿಸುತ್ತಿದ್ದವು. ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಉಪಾಯ, ನಷ್ಟ ಕಂಡರೆ ನೀವೇ ಹಿಂದೆ ಸರಿಯಿರಿ ಎಂಬುದು, ಆಮೇಲೆ ಟಿಸಿಪಿಯ ಬೆನ್ನೆಲುಬಾಯಿತು. ನಿಮ್ಮ ಆಪ್‌ಗೂ ಹಿಂದೆ ಸರಿಯುವುದು ಗೊತ್ತಿರಬೇಕು. ಉತ್ತರ ಬರಲು 3–4 ಸೆಕೆಂಡ್ ಹಿಡಿಯುತ್ತಿದ್ದರೆ ಅಕ್ಷರ ಕಳಿಸುವುದು ನಿಲ್ಲಿಸಿ, ವಾಕ್ಯಕ್ಕೆ ಇಳಿಯಿರಿ. ಅದನ್ನು ಪರದೆಯ ಮೇಲೆ ಇಬ್ಬರಿಗೂ ಸ್ಪಷ್ಟವಾಗಿ ತೋರಿಸಿ. ‘ನೆಟ್‌ವರ್ಕ್ ನಿಧಾನ, ಈಗ ವಾಕ್ಯ ಮುಗಿದ ಮೇಲೆ ಹೋಗುತ್ತದೆ’ ಅಂತ. ಇಲ್ಲದಿದ್ದರೆ ಅಕ್ಕ ಸುಮ್ಮನಾದಳು, ಕೋಪ ಬಂತೇನೋ ಅಂತ ತಮ್ಮ ಅಂದುಕೊಳ್ಳುತ್ತಾನೆ.

ಡೇಟಾ ಪೂರ್ತಿ ಹೋದರೆ ಎಸ್‌ಎಂಎಸ್ ಉಳಿಯಬಹುದು. ಅದು ಫೋನ್ ಮತ್ತು ಟವರ್ ತಮ್ಮೊಳಗೆ ಸೂಚನೆ ಕೊಟ್ಟುಕೊಳ್ಳುವ ಸಿಗ್ನಲಿಂಗ್ ದಾರಿಯಲ್ಲಿ ಹೋಗುವುದರಿಂದ ಡೇಟಾ ನಡೆಯದ ಕಡೆಯೂ ಕೆಲವೊಮ್ಮೆ ದಾಟುತ್ತದೆ. ಇಲ್ಲಿ ಕನ್ನಡದ ಲೆಕ್ಕ ಬೇರೆ. ಒಂದು ಎಸ್‌ಎಂಎಸ್‌ನಲ್ಲಿ 140 ಬೈಟ್ ಜಾಗ. ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡವಾದರೆ 70 ಚಿಹ್ನೆ. ಅದಕ್ಕಿಂತ ಉದ್ದವಾದರೆ ತುಂಡಾಗುತ್ತದೆ, ತುಂಡೊಂದಕ್ಕೆ 67. ಉಳಿದಿರುವ ಚಿಹ್ನೆಗಳ ಎಣಿಕೆ ಬರೆಯುವಾಗಲೇ ಕಾಣಲಿ. ‘ರಸ್ತೆ ಬಂದ್, ನಾವು ಕ್ಷೇಮ, ನಾಳೆ ಬರುತ್ತೇವೆ’ ಎಂಬುದು 70ರೊಳಗೆ ಆರಾಮಾಗಿ ಹಿಡಿಯುತ್ತದೆ.

ಪರೀಕ್ಷೆ ಮೈಸೂರಿನ ವೈಫೈನಲ್ಲಿ ಬೇಡ. ಲಿನಕ್ಸ್‌ನಲ್ಲಿ ಕೆಟ್ಟ ನೆಟ್‌ವರ್ಕ್ ಅನ್ನು ಅಣಕಿಸಿ ತೋರಿಸುವ ನೆಟ್‌ಎಮ್ ಎಂಬ ಸೌಲಭ್ಯ ಇದೆ. ಅದರಲ್ಲಿ 800 ಮಿಲಿಸೆಕೆಂಡ್ ತಡ, ಅದರ ಮೇಲೆ 300ರಷ್ಟು ಏರಿಳಿತ, ನೂರಕ್ಕೆ 5 ಪ್ಯಾಕೆಟ್ ನಷ್ಟ ಇಟ್ಟು ನಿಮ್ಮ ಆಪ್ ಓಡಿಸಿ. ನಡುವೆ 40 ಸೆಕೆಂಡ್ ಪೂರ್ತಿ ಕಡಿದು ಮತ್ತೆ ಜೋಡಿಸಿ. ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಹೊರಟಿತು ಎಂದು ಬರೆದಿಟ್ಟುಕೊಳ್ಳಿ. ದಾರಿ ಕೆಟ್ಟಷ್ಟೂ ಆ ಸಂಖ್ಯೆ ಇಳಿಯಬೇಕು. ಏರುತ್ತಿದ್ದರೆ ಎಲ್ಲೋ ಒಂದು ಮರುಕಳಿಕೆ ಇನ್ನೂ ಉಳಿದಿದೆ, ಹುಡುಕಿ.

ಆಮೇಲೆ ಊರಿಗೆ ಹೋಗಿ, ಜಗಲಿಯಲ್ಲಿ ತಮ್ಮನ ಪಕ್ಕ ಕೂತು ನೋಡಿ. 700 ಎಂಬುದು ನಾನು ಕೊಟ್ಟ ಸಂಖ್ಯೆ, ಓದುವವನು ಅವನು. 300, 500, 700, 1000 ನಾಲ್ಕನ್ನೂ ಅವನಿಗೆ ಹೇಳದೆ ಬದಲಾಯಿಸಿ ತೋರಿಸಿ. ಯಾವುದರಲ್ಲಿ ಅಕ್ಕ ಎದುರಿಗೆ ಕೂತು ಮಾತಾಡಿದ ಹಾಗಿದೆ ಅಂತ ಕೇಳಿ. ಅವನು ಹೇಳಿದ್ದನ್ನೇ ಇಟ್ಟುಕೊಳ್ಳಿ, ಮಳೆ ಜೋರಾದಾಗ ಉಳಿದದ್ದನ್ನು ನೇಗಲ್ ಅವರ ನಿಯಮ ನೋಡಿಕೊಳ್ಳುತ್ತದೆ.